ಲಾಂಗ್ ರೈಡಿಗೆ ಬೈಕ್ ಮೇಲೆ ಏನು ಕಟ್ಬೇಕು, ಎಲ್ಲಿ ಕಟ್ಬೇಕು

ಲಾಂಗ್ ರೈಡ್ ಪ್ಲಾನ್ ಆದ ತಕ್ಷಣ ಎಲ್ರೂ ಕೇಳೋದು ಯಾವ ಬ್ಯಾಗ್ ತಗೊಳ್ಳಲಿ, ಯಾವ ಲೈಟ್ ಹಾಕಿಸಲಿ ಅಂತ. ಅದಕ್ಕಿಂತ ಮುಂಚೆ ಕೇಳ್ಕೋಬೇಕಾದ್ದು ಬೇರೆ ಇದೆ, ನನ್ನ ಬೈಕು ಒಟ್ಟು ಎಷ್ಟು ತೂಕ ಹೊರತ್ತೆ, ಆ ತೂಕ ಬೈಕಿನ ಯಾವ ಜಾಗದಲ್ಲಿ ಕೂರತ್ತೆ. ಇದು ಸರಿಯಾದ್ರೆ ಮಾಮೂಲಿ ಬ್ಯಾಗ್ ಕಟ್ಕೊಂಡೂ ಸಾವಿರಾರು ಕಿಲೋಮೀಟರ್ ಆರಾಮಾಗಿ ಹೋಗ್ಬಹುದು, ತಪ್ಪಿದ್ರೆ ಎಷ್ಟೇ ದುಬಾರಿ ಬಾಕ್ಸ್ ಹಾಕ್ಸಿದ್ರೂ ತಿರುವಲ್ಲಿ ಯಾರೋ ಹಿಂದಿಂದ ಹಿಡ್ಕೊಂಡು ಎಳೀತಿದಾರೇನೋ ಅನ್ನೋ ಹಾಗೆ ಬೈಕು ಓಲಾಡತ್ತೆ. ಅದಕ್ಕೇ ತೂಕದಿಂದಲೇ ಶುರು ಮಾಡ್ತೀನಿ.

ಮೊದಲು ಲೆಕ್ಕ, ಆಮೇಲೆ ಶಾಪಿಂಗು

ಬೈಕಿನ ಮ್ಯಾನುಯಲ್ ತೆಗೀರಿ. ಅದರಲ್ಲಿ ಎರಡು ನಂಬರ್ ಇರತ್ತೆ, ಒಂದು ಕರ್ಬ್ ವೇಟ್, ಅಂದ್ರೆ ಆಯಿಲ್ಲು ಪೆಟ್ರೋಲು ಎಲ್ಲ ತುಂಬಿ ನಿಂತಿರೋ ಬೈಕಿನ ತೂಕ, ಇನ್ನೊಂದು ಬೈಕು ಜನ ಸಾಮಾನು ಎಲ್ಲ ಸೇರಿ ದಾಟಬಾರದ ಒಟ್ಟು ತೂಕ. ಎರಡನೇದ್ರಲ್ಲಿ ಮೊದಲನೇದು ಕಳೀರಿ. ಉದಾಹರಣೆಗೆ ಒಟ್ಟು ಮಿತಿ 360 ಕೆಜಿ, ಕರ್ಬ್ ವೇಟ್ 190 ಕೆಜಿ ಇದ್ರೆ ಉಳಿಯೋದು 170. ರೈಡಿಂಗ್ ಗೇರ್ ಹಾಕ್ಕೊಂಡು ನೀವು 85 ಇದ್ದು ಹಿಂದೆ ಕೂರೋರು 65 ಇದ್ರೆ ಸಾಮಾನಿಗೆ ಅಂತ ಸಿಗೋದು ಬರೀ 20 ಕೆಜಿ. ಈ 20ರಲ್ಲೇ ಕ್ರ್ಯಾಶ್ ಗಾರ್ಡು, ರ್‍ಯಾಕು, ಬಾಕ್ಸು, ಟೂಲು, ನೀರು ಎಲ್ಲ ಬರಬೇಕು. ಸ್ಟೀಲ್ ರ್‍ಯಾಕಿಗೆ ಎರಡು ಅಲ್ಯೂಮಿನಿಯಂ ಬಾಕ್ಸ್ ತಗಲಿಸಿದ್ರೆ ಅದು ಖಾಲಿ ಇರುವಾಗ್ಲೇ 15 ಕೆಜಿ ಆಸುಪಾಸು ಆಗಿಬಿಡತ್ತೆ, ಅಂದ್ರೆ ಒಂದು ಬನಿಯನ್ ಕೂಡ ತುಂಬೋ ಮುಂಚೆ ಲೆಕ್ಕದ ಮುಕ್ಕಾಲು ಭಾಗ ಖರ್ಚು. ಇದನ್ನ ಅಂಗಡಿಗೆ ಹೋಗೋ ಮುಂಚೆ ಪೇಪರ್ ಮೇಲೆ ಬರ್ಕೊಳ್ಳಿ, ಬ್ಯಾಗ್ ಯಾವುದು ಅನ್ನೋ ಪ್ರಶ್ನೆ ಅರ್ಧ ಅಲ್ಲೇ ಬಗೆಹರಿಯತ್ತೆ.

ಮನೇಲಿ ತೂಕ ನೋಡೋ ಮಷೀನ್ ಇದ್ರೆ ಪ್ಯಾಕ್ ಮಾಡಿದ ಒಂದೊಂದು ಬ್ಯಾಗನ್ನೂ ಎತ್ಕೊಂಡು ನಿಂತು ನೋಡಿ, ಆಮೇಲೆ ನಿಮ್ಮ ತೂಕ ಕಳೀರಿ. ಅಂದಾಜಿನ ಮೇಲೆ ಬಿಡ್ಬೇಡಿ, ಕೈಗೆ ಹಗುರ ಅನ್ಸಿದ್ದು ತೂಗಿದಾಗ ಜಾಸ್ತಿನೇ ಬರೋದು ನಾನು ಪ್ರತಿ ಸಲ ನೋಡಿದ್ದೀನಿ.

ಮೈಮೇಲೆ ಹಾಕ್ಕೊಳ್ಳೋದು

ದುಡ್ಡು ಕಮ್ಮಿ ಇದೆ, ಎಲ್ಲ ಒಟ್ಟಿಗೆ ತಗೊಳ್ಳೋಕಾಗಲ್ಲ ಅನ್ನೋರು ದಯವಿಟ್ಟು ಲೈಟು ಬಾಕ್ಸು ಮುಂದಕ್ಕೆ ಹಾಕಿ ಮೊದಲು ಮೈಮೇಲಿನದು ತಗೊಳ್ಳಿ. ಹೆಲ್ಮೆಟ್ಟಲ್ಲಿ ಫುಲ್ ಫೇಸ್ ಬಿಟ್ಟು ಬೇರೆ ಯೋಚನೆ ಬೇಡ. ಇಸಿಇ, ಅಂದ್ರೆ ಯುರೋಪಿನ ಸುರಕ್ಷತಾ ನಿಯಮದ ಸರ್ಟಿಫಿಕೇಟ್ ಇರೋ ಹೆಲ್ಮೆಟ್ ಆದ್ರೆ ಗದ್ದದ ಪಟ್ಟಿ ಮೇಲೆ ಹೊಲಿದಿರೋ ಲೇಬಲ್ಲಿನಲ್ಲಿ ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕದಲ್ಲಿ ದೇಶದ ನಂಬರು ಇರತ್ತೆ, ಅಪ್ರೂವಲ್ ನಂಬರು 06 ಇಂದ ಶುರುವಾದ್ರೆ ಅದು ಹೊಸ 22.06 ನಿಯಮದ್ದು ಅಂತ ಅರ್ಥ. ಸರ್ಟಿಫಿಕೇಟಷ್ಟೇ ಮುಖ್ಯ ಫಿಟ್ಟಿಂಗು. ಹಾಕ್ಕೊಂಡು ಪಟ್ಟಿ ಬಿಗಿದು ಹೆಲ್ಮೆಟ್ಟನ್ನ ಎಡಕ್ಕೆ ಬಲಕ್ಕೆ ತಿರುಗಿಸಿದ್ರೆ ಕೆನ್ನೆ ಚರ್ಮನೂ ಜೊತೆಗೆ ತಿರುಗಬೇಕು, ಹೆಲ್ಮೆಟ್ ಮಾತ್ರ ತಿರುಗಿದ್ರೆ ಅದು ದೊಡ್ಡದು. ಅಂಗಡೀಲೇ ಒಂದು 15 ನಿಮಿಷ ಹಾಕ್ಕೊಂಡಿರಿ, ಹಣೇಲಿ ಒಂದೇ ಕಡೆ ಒತ್ತಿ ನೋವು ಬಂದ್ರೆ ಆ ಶೇಪು ನಿಮ್ಮ ತಲೇದಲ್ಲ, ಇಡೀ ದಿನದ ರೈಡಲ್ಲಿ ಅದೇ ನೋವು ತಲೆ ತಿನ್ನತ್ತೆ.

ಜಾಕೆಟ್ ನೋಡುವಾಗ ಬಟ್ಟೆಗಿಂತ ಮುಂಚೆ ಒಳಗಿರೋ ಪ್ಯಾಡ್ ಹೊರಗೆ ತೆಗೆದು ನೋಡಿ. ಭುಜ ಮೊಣಕೈ ಮಂಡಿ ಪ್ಯಾಡುಗಳ ಮೇಲೆ ಇಎನ್, ಅಂದ್ರೆ ಯುರೋಪಿನ ಸ್ಟ್ಯಾಂಡರ್ಡ್, 1621-1 ಅಂತ ಅಚ್ಚಾಗಿರತ್ತೆ, ಬೆನ್ನಿನದಕ್ಕೆ 1621-2. ಲೆವೆಲ್ 1, ಲೆವೆಲ್ 2 ಅಂತ ಎರಡು ಬರತ್ತೆ, ಎರಡನೇದು ಪೆಟ್ಟನ್ನ ಮೈಗೆ ಕಮ್ಮಿ ದಾಟಿಸತ್ತೆ. ಇಲ್ಲಿ ಎಚ್ಚರಿಕೆ ಬೇಕಾದ್ದು ಬೆನ್ನಿನ ವಿಷಯದಲ್ಲಿ, ಎಷ್ಟೋ ಜಾಕೆಟ್ಟಲ್ಲಿ ಭುಜಕ್ಕೆ ಒಳ್ಳೇ ಪ್ಯಾಡ್ ಹಾಕಿ ಬೆನ್ನಿಗೆ ಬರೀ ಒಂದು ಸ್ಪಂಜಿನ ಹಾಳೆ ತುಂಬಿರ್ತಾರೆ, ಅದನ್ನ ತೆಗೆದು ನಿಜವಾದ ಬ್ಯಾಕ್ ಪ್ರೊಟೆಕ್ಟರ್ ಹಾಕಿಸ್ಕೊಳ್ಳಿ. ಪೂರ್ತಿ ಬಟ್ಟೆಗೆ ಇಎನ್ 17092 ಅಂತ ಬೇರೆ ರೇಟಿಂಗ್ ಇದೆ, ಟ್ರಿಪಲ್ ಎ ಎಲ್ಲಕ್ಕಿಂತ ಗಟ್ಟಿ, ಆಮೇಲೆ ಡಬಲ್ ಎ, ಆಮೇಲೆ ಸಿಂಗಲ್ ಎ.

ಇಯರ್ ಪ್ಲಗ್ ಬಗ್ಗೆ ಸ್ವಲ್ಪ ಜೋರಾಗೇ ಹೇಳ್ತೀನಿ, ಯಾಕಂದ್ರೆ ಬಹಳ ಜನ ಇದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಗಂಟೆಗೆ 100 ಕಿಲೋಮೀಟರ್ ಹತ್ತಿರ ಹೋಗುವಾಗ ಹೆಲ್ಮೆಟ್ ಒಳಗೆ ಗಾಳಿ ಸದ್ದೇ ಸುಮಾರು 100 ಡೆಸಿಬಲ್ ಮುಟ್ಟತ್ತೆ, ದಿನಕ್ಕೆ 8 ಗಂಟೆ ಕೇಳೋಕೆ ಸುರಕ್ಷಿತ ಅಂತ ಇಟ್ಟಿರೋ ಮಿತಿ 85. ಕಿವಿ ಒಂದ್ಸಲ ಹೋದ್ರೆ ವಾಪಸ್ ಬರಲ್ಲ. ಜೊತೆಗೆ ಸಂಜೆ ಹೊತ್ತಿಗೆ ಆಗೋ ಸುಸ್ತಲ್ಲಿ ದೊಡ್ಡ ಪಾಲು ಈ ಸದ್ದಿಂದಲೇ ಬರೋದು, ಪ್ಲಗ್ ಹಾಕ್ಕೊಂಡು ಒಂದು ದಿನ ಓಡಿಸಿ ನೋಡಿದ್ರೆ ನಿಮಗೇ ಗೊತ್ತಾಗತ್ತೆ. ಹಾರ್ನು, ಎಂಜಿನ್ ಸದ್ದು ಕೇಳ್ಸತ್ತೆ, ಗಾಳಿ ಗದ್ದಲ ಮಾತ್ರ ತಗ್ಗತ್ತೆ. ಆದ್ರೆ ಕೆಲವು ಕಡೆ ಓಡಿಸುವಾಗ ಕಿವಿಗೆ ಏನೂ ಹಾಕೋ ಹಾಗಿಲ್ಲ ಅನ್ನೋ ನಿಯಮ ಇರತ್ತೆ, ಹೋಗೋ ಕಡೆ ಅದನ್ನ ವಿಚಾರಿಸ್ಕೊಳ್ಳಿ.

ಒಳಗಿನ ಬಟ್ಟೆ ಕಾಟನ್ ಬೇಡ. ಬೆವರು ಹೀರ್ಕೊಂಡು ಒದ್ದೆಯಾಗೇ ಕೂರತ್ತೆ, ತಣ್ಣಗಿನ ಗಾಳಿಗೆ ಅದೇ ಮೈ ನಡುಗಿಸತ್ತೆ. ಬೇಗ ಒಣಗೋ ಸಿಂಥೆಟಿಕ್ ಅಥವಾ ಮೆರಿನೊ ಉಣ್ಣೇದು ಎರಡು ಜೊತೆ ಸಾಕು, ಒಂದು ಮೈಮೇಲೆ, ಒಂದು ತೊಳೆದು ಒಣಗೋಕೆ. ಮಳೆಗೆ ಜಾಕೆಟ್ ಒಳಗೆ ಹಾಕೋ ಲೈನರ್‌ಗಿಂತ ಮೇಲೆ ಹಾಕೋ ರೇನ್ ಸೂಟೇ ನನ್ನ ಆಯ್ಕೆ, ಲೈನರ್ ಹಾಕಿದ್ರೆ ನೀವು ಒಳಗೆ ಒಣಗಿದ್ರೂ ಹೊರಗಿನ ಜಾಕೆಟ್ಟು ನೀರು ಕುಡಿದು ಭಾರ ಆಗತ್ತೆ, ಆ ನೀರು ಗಾಳಿಗೆ ಆರ್ತಾ ಆರ್ತಾ ಮೈ ಶಾಖನೂ ಎಳ್ಕೊಂಡು ಹೋಗತ್ತೆ, ಮಾರನೇ ದಿನ ಬೆಳಿಗ್ಗೆ ಮತ್ತೆ ಅದೇ ಒದ್ದೆ ಜಾಕೆಟ್ ಹಾಕ್ಕೋಬೇಕು. ಗ್ಲೌಸ್ ಎರಡು ಜೊತೆ ಇರಲಿ. ಕಪ್ಪು ವೈಸರ್ ಹಾಕ್ಕೊಂಡು ಹೊರಡೋರು ಕ್ಲಿಯರ್ ವೈಸರನ್ನ ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ, ಕತ್ತಲಾಗೋ ಮುಂಚೆ ತಲುಪ್ತೀನಿ ಅನ್ನೋ ಲೆಕ್ಕ ಯಾವಾಗ್ಲೂ ನಡೆಯಲ್ಲ.

ಬ್ಯಾಗಾ, ಬಾಕ್ಸಾ

ಹಾರ್ಡ್ ಬಾಕ್ಸಿಗೆ ಬೀಗ ಹಾಕ್ಬಹುದು, ಮಳೆ ಚಿಂತೆ ಕಮ್ಮಿ, ದಿನಾ ಬಿಚ್ಚಿ ಕಟ್ಟೋ ಕೆಲಸ ಇಲ್ಲ. ಟಾರ್ ರೋಡಲ್ಲೇ ಹೋಗೋರಿಗೆ ಒಳ್ಳೇದು. ಆದ್ರೆ ಭಾರ, ಅಗಲ, ಮತ್ತೆ ಮಣ್ಣುರಸ್ತೇಲಿ ಕಾಲು ಕೆಳಗಿಟ್ಟಾಗ ಬೈಕು ಬಿದ್ರೆ ಬಾಕ್ಸಿಗೂ ನೆಲಕ್ಕೂ ನಡುವೆ ಕಾಲು ಸಿಕ್ಕಾಕೊಳ್ಳೋ ಅಪಾಯ ಇದೆ. ಸಾಫ್ಟ್ ಬ್ಯಾಗು ಹಗುರ, ಬಿದ್ರೂ ಬಾಗತ್ತೆ ಹೊರತು ಮುರಿಯಲ್ಲ, ಬೀಗದ ಭದ್ರತೆ ಇಲ್ಲ ಅಷ್ಟೆ. ಮಣ್ಣುದಾರಿ ಒಂದಿಷ್ಟಾದ್ರೂ ಇದೆ ಅಂದ್ರೆ ನಾನು ಸಾಫ್ಟ್ ಕಡೆಗೇ.

ಸಾಫ್ಟ್ ಬ್ಯಾಗಿಗೆ ಹೊರಗಿಂದ ಹೊದಿಸೋ ರೇನ್ ಕವರ್ ನಂಬ್ಕೊಂಡು ಹೋಗ್ಬೇಡಿ, ಗಾಳಿಗೆ ಉಬ್ಬಿ ಹಾರಿ ಹೋಗತ್ತೆ, ಹಾರದೇ ಇದ್ರೂ ಚಕ್ರ ಎರಚೋ ನೀರು ಕೆಳಗಿಂದ ನುಗ್ಗತ್ತೆ. ಒಳಗೆ ಡ್ರೈ ಬ್ಯಾಗ್ ಇಟ್ಟು ಅದರಲ್ಲಿ ಬಟ್ಟೆ ತುಂಬೋದೇ ಸರಿ. ರೋಲ್ ಟಾಪ್ ಆದ್ರೆ ಬಾಯಿ ಕನಿಷ್ಠ ಮೂರು ಸುತ್ತು ಮಡಚಿ ಕ್ಲಿಪ್ ಹಾಕಿ, ಒಂದೇ ಸುತ್ತಿಗೆ ನಿಲ್ಲಿಸಿದ್ರೆ ನೀರು ಹೋಗೇ ಹೋಗತ್ತೆ.

ಟ್ಯಾಂಕ್ ಬ್ಯಾಗ್ ತಗೊಳ್ಳೋ ಮುಂಚೆ ನಿಮ್ಮ ಟ್ಯಾಂಕಿಗೆ ಮ್ಯಾಗ್ನೆಟ್ ಅಂಟತ್ತಾ ನೋಡಿ, ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಹೊದಿಕೆ ಇದ್ರೆ ಅಂಟಲ್ಲ, ಪಟ್ಟಿ ಇರೋದೇ ಬೇಕು. ಬ್ಯಾಗ್ ಇಟ್ಟು ಹ್ಯಾಂಡಲ್ಲನ್ನ ಎರಡೂ ಕಡೆ ಪೂರ್ತಿ ತಿರುಗಿಸಿ, ಹಾರ್ನ್ ಬಟನ್ ಒತ್ತಿಕೊಂಡು ಬಿಡ್ತಾ, ಆಕ್ಸಿಲರೇಟರ್ ಕೇಬಲ್ ಎಳೀತಾ ನೋಡಿ.

ಏನು ಎಲ್ಲಿ ಹೋಗ್ಬೇಕು

ಇಲ್ಲಿ ಎರಡೇ ಪ್ರಶ್ನೆ, ಇದು ಎಷ್ಟು ಭಾರ, ಇದು ಎಷ್ಟು ಬೇಗ ಬೇಕಾಗತ್ತೆ. ಭಾರದ್ದು ಕೆಳಗೆ ಮತ್ತೆ ಮುಂದಕ್ಕೆ, ಅಂದ್ರೆ ಸೀಟಿನ ಎರಡೂ ಪಕ್ಕ ನೇತುಹಾಕೋ ಸ್ಯಾಡಲ್ ಬ್ಯಾಗಿನ ತಳದಲ್ಲಿ, ರೈಡರ್ ಕಡೆಗೆ ಒತ್ತರಿಸಿ. ಟೂಲು, ಚೈನ್ ಲ್ಯೂಬು, ನೀರಿನ ಸ್ಟಾಕು, ಬೀಗದ ಸರಪಳಿ ಇವೆಲ್ಲ ಅಲ್ಲಿ. ಹಗುರದ್ದು, ಜಾಗ ತಿನ್ನೋದು, ಸ್ಲೀಪಿಂಗ್ ಬ್ಯಾಗು ಬಟ್ಟೆ ಇಂಥವು ಸೀಟಿನ ಮೇಲೆ ಟೇಲ್ ಬ್ಯಾಗಿಗೆ. ಎಡ ಬಲ ತೂಕ ಹೆಚ್ಚುಕಮ್ಮಿ ಸಮ ಇರ್ಬೇಕು, ಸೈಲೆನ್ಸರ್ ಒಂದೇ ಕಡೆ ಇರೋದ್ರಿಂದ ಆ ಕಡೆ ಬಾಕ್ಸೋ ಬ್ಯಾಗೋ ಹೊರಕ್ಕೆ ಚಾಚಿಕೊಂಡಿದ್ರೆ ಆ ಪಕ್ಕಕ್ಕೆ ಸ್ವಲ್ಪ ಹಗುರದ್ದು ತುಂಬಿ.

ಟಾಪ್ ಬಾಕ್ಸ್ ವಿಷಯದಲ್ಲಿ ಬಹಳ ಜನ ಎಡವ್ತಾರೆ. ಅದು ಕೂರೋದು ಎತ್ತರದಲ್ಲಿ, ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ. ಅಲ್ಲಿ ಇಟ್ಟ ತೂಕ ಸನ್ನೆಕೋಲಿನ ಹಾಗೆ ಕೆಲಸ ಮಾಡಿ ಮುಂದಿನ ಚಕ್ರದ ಮೇಲಿನ ಭಾರ ಎತ್ತತ್ತೆ, ಹ್ಯಾಂಡಲ್ ಹಗುರ ಆಗತ್ತೆ, ಸ್ಪೀಡಲ್ಲಿ ನಡುಗೋಕೆ ಶುರು ಆಗತ್ತೆ. ರ್‍ಯಾಕಿನ ಮೇಲೋ ಮ್ಯಾನುಯಲ್ಲಲ್ಲೋ ಅದರ ಮಿತಿ ಬರೆದಿರ್ತಾರೆ, ಎಷ್ಟೋ ಬೈಕಲ್ಲಿ ಅದು 5 ಕೆಜಿ ಅಷ್ಟೇ ಇರತ್ತೆ. ಬಾಕ್ಸ್ ದೊಡ್ಡದಿದೆ ಅಂತ ತುಂಬೋ ಹಾಗಿಲ್ಲ, ರೇನ್ ಸೂಟು, ಗ್ಲೌಸು, ಟೋಪಿ ಇಂಥದ್ದಕ್ಕೆ ಮಾತ್ರ ಅದನ್ನ ಇಟ್ಕೊಳ್ಳಿ.

ಬೇಗ ಬೇಕಾಗೋದು ಅಂದ್ರೆ ಮಳೆ ಬಟ್ಟೆ, ಫಸ್ಟ್ ಏಡ್, ಪಂಕ್ಚರ್ ಕಿಟ್ಟು, ಟಾರ್ಚು. ಇವು ಯಾವ ಬ್ಯಾಗನ್ನೂ ಪೂರ್ತಿ ಬಿಚ್ಚದೆ ಕೈಗೆ ಸಿಗ್ಬೇಕು. ಫಸ್ಟ್ ಏಡ್ ಎಲ್ಲಿದೆ ಅಂತ ಜೊತೆಗೆ ಬರೋರಿಗೆಲ್ಲ ತೋರಿಸಿ, ಯಾಕಂದ್ರೆ ಅದು ಬೇಕಾದಾಗ ತೆಗೆಯೋರು ನೀವಾಗಿರಲ್ಲ. ಗಾಜ್, ಒತ್ತಿ ಕಟ್ಟೋ ಬ್ಯಾಂಡೇಜು, ತ್ರಿಕೋನ ಬಟ್ಟೆ, ಟೇಪು, ಕತ್ತರಿ, ಕೈಗವಸು, ದಿನಾ ತಗೊಳ್ಳೋ ಮಾತ್ರೆ ಇಷ್ಟಿರಲಿ. ಬ್ಲಡ್ ಗ್ರೂಪು ಮನೆಯವರ ನಂಬರ್ ಬರೆದ ಚೀಟಿ ಜಾಕೆಟ್ ಜೇಬಲ್ಲಿ.

ಸ್ಪೇರ್ ಕೀನೂ ಮೈಮೇಲೇ ಇರಲಿ, ಬೀಗ ಹಾಕಿದ ಬಾಕ್ಸೊಳಗೆ ಇಟ್ರೆ ಅದು ಇದ್ದೂ ಇಲ್ಲದ ಹಾಗೆ. ಜಾಕೆಟ್ ಜೇಬಲ್ಲಿ, ಬೆನ್ನಿನ ಬ್ಯಾಗಲ್ಲಿ ಸ್ಪ್ಯಾನರು, ಕ್ಯಾಮೆರಾ, ಬೀಗ ಥರದ ಗಟ್ಟಿ ವಸ್ತು ಯಾವತ್ತೂ ಬೇಡ, ಬಿದ್ದಾಗ ಮೊದಲು ನಾಟೋದು ಅದೇ. ಬೆನ್ನಿಗೆ ಹಾಕಲೇಬೇಕು ಅಂದ್ರೆ 2 ಲೀಟರ್ ನೀರಿನ ಚೀಲ ಸಾಕು, ಓಡಿಸ್ತಾನೇ ಗುಟುಕು ಗುಟುಕಾಗಿ ಕುಡೀಬಹುದು.

ಕಟ್ಟೋದು

ಒಂದ್ಸಲ ನನ್ನ ಟೇಲ್ ಬ್ಯಾಗಿನ ಪಟ್ಟಿ ತುದಿ ಒಂದು ಗೇಣಿನಷ್ಟು ಸಡಿಲವಾಗಿ ನೇತಾಡ್ತಿತ್ತು, ಹೊರಡೋ ಅವಸರದಲ್ಲಿ ನೋಡ್ಲಿಲ್ಲ. ಸ್ವಲ್ಪ ದೂರ ಹೋದ್ಮೇಲೆ ಹಿಂದೆ ಏನೋ ಜಗ್ಗಿದ ಹಾಗಾಯ್ತು, ನಿಲ್ಸಿ ನೋಡಿದ್ರೆ ಪಟ್ಟಿ ಚೈನಿಗೆ ಸಿಕ್ಕಿ ಸ್ಪ್ರಾಕೆಟ್ಟಿಗೆ ಸುತ್ಕೊಂಡು ತುಂಡಾಗಿತ್ತು. ತುಂಡಾಯ್ತು, ಬಚಾವಾದೆ, ಅದು ಗಟ್ಟಿಯಾಗಿ ನಿಂತು ಚಕ್ರ ಲಾಕ್ ಆಗಿದ್ರೆ ಏನಾಗ್ತಿತ್ತು ಅಂತ ಆಮೇಲೆ ರಸ್ತೆ ಬದೀಲಿ ಕೂತು ಕೈ ನಡುಗ್ತಿತ್ತು. ಅವತ್ತಿಂದ ಪಟ್ಟಿ ಬಿಗಿದ ಮೇಲೆ ಉಳಿದ ತುದೀನ ಸುರುಳಿ ಸುತ್ತಿ ವೆಲ್ಕ್ರೋ ಅಥವಾ ಜಿಪ್ ಟೈ ಹಾಕದೆ ನಾನು ಬೈಕ್ ಹತ್ತಲ್ಲ, ನೀವೂ ಹತ್ಬೇಡಿ.

ಕೊಕ್ಕೆ ಇರೋ ರಬ್ಬರ್ ಬಂಜಿ ಹಗ್ಗ ಮುಖ್ಯ ಲಗೇಜಿಗೆ ಬೇಡವೇ ಬೇಡ. ಅದು ಗುಂಡೀಲಿ ಹಿಗ್ಗಿ ಬ್ಯಾಗ್ ಎಗರೋಕೆ ಬಿಡತ್ತೆ, ಕಟ್ಟುವಾಗ ಕೈ ಜಾರಿದ್ರೆ ಕೊಕ್ಕೆ ಚಿಮ್ಮಿ ಕಣ್ಣಿಗೇ ಬಡಿಯತ್ತೆ. ಅದರ ಬದಲು ಕ್ಯಾಮ್ ಬಕಲ್, ಅಂದ್ರೆ ಎಳೆದ ಪಟ್ಟೀನ ಕಚ್ಚಿ ಹಿಡಿಯೋ ಬಕಲ್ ಇರೋ ಹಿಗ್ಗದ ಪಟ್ಟಿ ತಗೊಳ್ಳಿ, ಎರಡು ಪಟ್ಟಿ ಅಡ್ಡಕ್ಕೆ, ಒಂದು ಮುಂದಿಂದ ಹಿಂದಕ್ಕೆ, ಯಾವುದೋ ಒಂದು ಬಿಟ್ಟುಹೋದ್ರೂ ಉಳಿದವು ಹಿಡ್ಕೋಬೇಕು. ಪಟ್ಟಿ ಹಾಕೋದು ಫ್ರೇಮಿಗೆ, ಗ್ರ್ಯಾಬ್ ರೈಲಿಗೆ, ಇಂಡಿಕೇಟರಿಗಾಗ್ಲಿ ಪ್ಲಾಸ್ಟಿಕ್ ಪ್ಯಾನಲ್ಲಿಗಾಗ್ಲಿ ಅಲ್ಲ.

ಸ್ಯಾಡಲ್ ಬ್ಯಾಗ್ ಹಾಕಿದ ಮೇಲೆ ಯಾರನ್ನಾದ್ರೂ ಸೀಟ್ ಮೇಲೆ ಕೂರಿಸಿ ಹಿಂದಿನಿಂದ ನೋಡಿ, ಭಾರಕ್ಕೆ ಬ್ಯಾಗು ಒಳಕ್ಕೆ ವಾಲಿ ಟೈರಿಗೆ ತಾಗತ್ತಾ, ಸೈಲೆನ್ಸರಿಗೆ ಎಷ್ಟು ಹತ್ತಿರ ಇದೆ. ನಿಂತಾಗ ಎರಡು ಬೆರಳು ಜಾಗ ಕಂಡ್ರೂ ಗುಂಡೀಲಿ ಅದು ಇರಲ್ಲ, ನೈಲಾನ್ ಬ್ಯಾಗು ಸೈಲೆನ್ಸರಿಗೆ ತಾಗಿದ್ರೆ ಕ್ಷಣದಲ್ಲಿ ಕರಗತ್ತೆ, ಒಳಗೆ ಬಟ್ಟೆ ಇದ್ರೆ ಬೆಂಕಿನೂ ಹತ್ಬಹುದು. ಹೀಟ್ ಶೀಲ್ಡೋ ಸೈಡ್ ಸ್ಟೇ ಅನ್ನೋ ಕಂಬಿಯೋ ಹಾಕಿಸೋದು ಇದಕ್ಕೇ. ಆಮೇಲೆ ಟೇಲ್ ಲೈಟು, ಇಂಡಿಕೇಟರು, ನಂಬರ್ ಪ್ಲೇಟು ಮುಚ್ಚಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ.

ಟೂಲು, ಪಂಕ್ಚರು

ಟೂಲ್ ಕಿಟ್ಟನ್ನ ಪಟ್ಟಿ ನೋಡ್ಕೊಂಡು ತುಂಬ್ಬೇಡಿ. ರಜೆ ದಿನ ಮನೆ ಮುಂದೆ ನೀವು ಒಯ್ಯೋ ಟೂಲ್ ಮಾತ್ರ ಇಟ್ಕೊಂಡು ಹಿಂದಿನ ಚಕ್ರ ಬಿಚ್ಚಿ ಹಾಕಿ, ಬ್ಯಾಟರಿ ಟರ್ಮಿನಲ್ ಬಿಗಿ ಮಾಡಿ, ಕ್ಲಚ್ ಕೇಬಲ್ ಅಡ್ಜಸ್ಟ್ ಮಾಡಿ. ಯಾವ ಸ್ಪ್ಯಾನರ್ ಮುಟ್ಲಿಲ್ವೋ ಅದನ್ನ ಬಿಡಿ, ಯಾವುದು ಇಲ್ಲ ಅಂತ ಒದ್ದಾಡಿದ್ರೋ ಅದನ್ನ ಸೇರಿಸಿ.

ನಿಮ್ಮ ಟೈರ್ ಟ್ಯೂಬ್ ಇರೋದಾ ಟ್ಯೂಬ್‌ಲೆಸ್ಸಾ ಅಂತ ಮೊದಲು ಗೊತ್ತಿರ್ಬೇಕು, ಕಡ್ಡಿ ಚಕ್ರ ಆದ್ರೆ ಸಾಮಾನ್ಯವಾಗಿ ಟ್ಯೂಬ್ ಇರತ್ತೆ. ಟ್ಯೂಬ್‌ಲೆಸ್‌ಗೆ ಪ್ಲಗ್ ಕಿಟ್ಟು ಮತ್ತೆ 12 ವೋಲ್ಟಿನ ಸಣ್ಣ ಕಂಪ್ರೆಸರ್ ಸಾಕು. 16 ಗ್ರಾಮಿನ ಗ್ಯಾಸ್ ಕಾರ್ಟ್ರಿಡ್ಜ್ ಒಯ್ಯೋರು ಒಂದು ಸಾಕು ಅಂದ್ಕೋಬೇಡಿ, ಬೈಕಿನ ಟೈರು ಓಡಿಸೋ ಮಟ್ಟಕ್ಕೆ ಬರೋಕೆ ಮೂರ್ನಾಲ್ಕು ಬೇಕಾಗತ್ತೆ. ಪ್ಲಗ್ ಹಾಕಿದ ಟೈರಲ್ಲಿ ನಿಧಾನಕ್ಕೆ ಮುಂದಿನ ಅಂಗಡಿವರೆಗೆ ಹೋಗಿ ಒಳಗಿಂದ ಪ್ಯಾಚ್ ಹಾಕಿಸಿ. ಟ್ಯೂಬ್ ಟೈರಿಗೆ ಸ್ಪೇರ್ ಟ್ಯೂಬು, ಟೈರ್ ಲಿವರು, ಪಂಪು ಬೇಕು, ಅದಕ್ಕಿಂತ ಹೆಚ್ಚಾಗಿ ಮನೇಲಿ ಒಂದ್ಸಲ ಮಾಡಿ ಕೈ ಪಳಗಿಸ್ಕೊಂಡಿರ್ಬೇಕು.

ಇದರ ಜೊತೆ ಸ್ಪೇರ್ ಫ್ಯೂಸು, ಕ್ಲಚ್ ಕೇಬಲ್ಲು, ಚೈನ್ ಲಿಂಕು, ಬ್ರೇಕು ಕ್ಲಚ್ಚು ಲಿವರ್ ಒಂದೊಂದು, ಜಿಪ್ ಟೈ, ಡಕ್ಟ್ ಟೇಪು, ಎಪಾಕ್ಸಿ ಪುಟ್ಟಿ. ಸ್ಪೇರ್ ಕ್ಲಚ್ ಕೇಬಲ್ಲನ್ನ ಬ್ಯಾಗಲ್ಲಿ ಇಡೋ ಬದಲು ಹಳೇದರ ಪಕ್ಕದಲ್ಲೇ ಎಳೆದು ಕಟ್ಟಿಟ್ರೆ ತುಂಡಾದಾಗ ಎರಡು ತುದಿ ಬದಲಾಯಿಸಿದ್ರೆ ಆಯ್ತು.

ಕರೆಂಟ್ ತಿನ್ನೋ ಆಕ್ಸೆಸರೀಸ್

ಎಕ್ಸ್‌ಟ್ರಾ ಲೈಟು, ಕೈ ಬೆಚ್ಚಗಿಡೋ ಹೀಟೆಡ್ ಗ್ರಿಪ್ಪು, ಚಾರ್ಜರ್ ಎಲ್ಲಕ್ಕೂ ಕರೆಂಟ್ ಕೊಡೋದು ಎಂಜಿನ್ ಒಳಗಿನ ಆಲ್ಟರ್ನೇಟರ್ರು, ಅದು ಸ್ಟಾಕ್ ಬೈಕಿನ ಅಗತ್ಯ ನೋಡ್ಕೊಂಡು ಮಾಡಿದ್ದು. 20 ವ್ಯಾಟಿನ ಎರಡು ಲೈಟ್ ಅಂದ್ರೆ 40 ವ್ಯಾಟು, ಅಂದ್ರೆ ಸುಮಾರು 3 ಆಂಪಿಯರ್, ಹೀಟೆಡ್ ಗ್ರಿಪ್ಪೂ ಹೆಚ್ಚುಕಮ್ಮಿ ಅಷ್ಟೇ ತಿನ್ನತ್ತೆ. ಸಣ್ಣ ಬೈಕಿಗೆ ಎರಡೂ ಒಟ್ಟಿಗೆ ಹಾಕೋದು ಕಷ್ಟ. ಪರೀಕ್ಷೆ ಸುಲಭ, ಎಲ್ಲ ಆನ್ ಮಾಡಿ ಎಂಜಿನ್ನನ್ನ ಮಾಮೂಲಿ ಓಡಿಸೋ ಆರ್‌ಪಿಎಂಗೆ ತಂದು ಬ್ಯಾಟರಿ ಮೇಲೆ ಮಲ್ಟಿಮೀಟರ್ ಇಡಿ, 13.5 ವೋಲ್ಟ್ ಮೇಲೆ ಇದ್ರೆ ಸರಿ, 13ಕ್ಕಿಂತ ಕೆಳಗೆ ಬಂದ್ರೆ ಬ್ಯಾಟರಿ ಬರಿದಾಗ್ತಿದೆ, ಏನಾದ್ರೂ ಒಂದು ಕಮ್ಮಿ ಮಾಡಿ.

ವೈರಿಂಗಲ್ಲಿ ಹಣ ಉಳಿಸ್ಬೇಡಿ. ಹೆಡ್‌ಲೈಟ್ ವೈರ್ ಸುಲಿದು ಅದಕ್ಕೇ ಲೈಟ್ ಜೋಡಿಸೋ ಪದ್ಧತಿ ಕಂಡ್ರೆ ಅಲ್ಲಿಂದ ಬೈಕ್ ತಗೊಂಡು ಹೊರಡಿ. ಬ್ಯಾಟರಿಯಿಂದ ನೇರ ವೈರು, ಬ್ಯಾಟರಿ ಹತ್ತಿರಾನೇ ಫ್ಯೂಸು, ನಡುವೆ ಕೀ ಆಫ್ ಮಾಡಿದ್ರೆ ತಾನೂ ಆಫ್ ಆಗೋ ರಿಲೇ, ಇಷ್ಟು ಇರಲೇಬೇಕು. ಲೈಟ್ ಕಿರಣ ಎದುರಿಂದ ಬರೋರ ಕಣ್ಣಿಗೆ ಹೊಡೀದ ಹಾಗೆ ಕೆಳಕ್ಕೆ ತಗ್ಗಿಸಿ ಕೂರಿಸಿ.

ಮೊಬೈಲ್ ಹೋಲ್ಡರ್ ತಗೊಳ್ಳುವಾಗ ವೈಬ್ರೇಷನ್ ಡ್ಯಾಂಪರ್ ಇರೋದೇ ತಗೊಳ್ಳಿ. ಬೈಕ್ ಎಂಜಿನ್ನಿನ ಕಂಪನಕ್ಕೆ ಫೋನಿನ ಕ್ಯಾಮೆರಾ ಹಾಳಾಗ್ಬಹುದು ಅಂತ ಆಪಲ್ ಕಂಪನಿನೇ 2021ರ ಸೆಪ್ಟೆಂಬರಲ್ಲಿ ಎಚ್ಚರಿಸಿತ್ತು. ದಾರಿ ಗೊತ್ತಿರೋ ಕಡೆ ಫೋನ್ ಜೇಬಲ್ಲಿದ್ರೆ ಇನ್ನೂ ಒಳ್ಳೇದು.

ಉಳಿದ ಆಕ್ಸೆಸರೀಸಲ್ಲಿ ಕ್ರ್ಯಾಶ್ ಗಾರ್ಡ್ ಮತ್ತೆ ಹ್ಯಾಂಡ್ ಗಾರ್ಡ್ ದುಡ್ಡಿಗೆ ಮೋಸ ಇಲ್ಲ, ನಿಂತಲ್ಲೇ ಬೈಕ್ ಬಿದ್ದಾಗ ಲಿವರ್ ಉಳಿದ್ರೆ ಟ್ರಿಪ್ ಉಳಿದ ಹಾಗೆ. ಎತ್ತರದ ವಿಂಡ್‌ಸ್ಕ್ರೀನ್ ಮಾತ್ರ ಸಾಧ್ಯ ಆದ್ರೆ ಸ್ನೇಹಿತರ ಹತ್ರ ತಗೊಂಡು ಹಾಕಿ ನೋಡಿ ಆಮೇಲೆ ಕೊಳ್ಳಿ, ಗಾಳಿ ಎದೆಯಿಂದ ತಪ್ಪಿ ನೇರ ಹೆಲ್ಮೆಟ್ಟಿಗೆ ಬಡಿದು ತಲೆ ಅಲ್ಲಾಡಿಸೋ ಸ್ಕ್ರೀನುಗಳೂ ಇವೆ.

ಹೊರಡೋ ಹಿಂದಿನ ವಾರ

ಪೂರ್ತಿ ಲಗೇಜ್ ಕಟ್ಟಿ ಒಂದು 50 ಕಿಲೋಮೀಟರ್ ಓಡಿಸಿ. ಅದಕ್ಕೂ ಮುಂಚೆ ಟೈರ್ ತಣ್ಣಗಿರುವಾಗ ಗಾಳಿಯನ್ನ ಮ್ಯಾನುಯಲ್ ಹೇಳೋ ಫುಲ್ ಲೋಡ್ ಪಿಎಸ್‌ಐಗೆ ಏರಿಸಿ, ಹಿಂದಿನ ಸಸ್ಪೆನ್ಷನ್ ಪ್ರೀಲೋಡ್, ಅಂದ್ರೆ ಸ್ಪ್ರಿಂಗನ್ನ ಮೊದಲೇ ಒತ್ತಿ ಬಿಗಿ ಮಾಡಿಟ್ಟಿರೋ ಮಟ್ಟ, ಹೆಚ್ಚಿಸಿ, ನೀವು ಕೂತಾಗ ಸಸ್ಪೆನ್ಷನ್ ತನ್ನ ಒಟ್ಟು ಓಟದ ಮೂರನೇ ಒಂದು ಭಾಗದಷ್ಟು ಮಾತ್ರ ಕುಗ್ಗಿದ್ರೆ ಸರಿ. ಚೈನ್ ಸಡಿಲ ಮತ್ತೆ ನೋಡಿ, ಭಾರಕ್ಕೆ ಬೈಕ್ ಕುಗ್ಗಿದಾಗ ಚೈನ್ ಬಿಗಿಯಾಗತ್ತೆ, ಮೊದಲೇ ಟೈಟ್ ಇದ್ರೆ ಸ್ಪ್ರಾಕೆಟ್ಟು ಬೇರಿಂಗು ಎರಡಕ್ಕೂ ಪೆಟ್ಟು. ಹಿಂದೆ ಕುಗ್ಗಿದ್ರೆ ಹೆಡ್‌ಲೈಟ್ ಮೇಲಕ್ಕೆ ನೋಡತ್ತೆ, ಅದನ್ನೂ ಇಳಿಸಿ.

ಈ 50 ಕಿಲೋಮೀಟರಲ್ಲಿ ಬ್ರೇಕ್ ಹಾಕಿ ನೋಡಿ, ನಿಲ್ಲೋಕೆ ಬೇಕಾಗೋ ದೂರ ಎಷ್ಟು ಜಾಸ್ತಿಯಾಗಿದೆ ಅಂತ ಕೈಗೆ ಕಾಲಿಗೆ ಗೊತ್ತಾಗ್ಬೇಕು. ಗುಂಡಿ ಹಾರಿಸಿ, ಯು ಟರ್ನ್ ಹೊಡೀರಿ, ಒಂದ್ಸಲ ಮೇನ್ ಸ್ಟ್ಯಾಂಡ್ ಹಾಕಿ ತೆಗೀರಿ. ಸ್ಪೀಡಲ್ಲಿ ಹ್ಯಾಂಡಲ್ ನಡುಗಿದ್ರೆ ಟಾಪ್ ಬಾಕ್ಸಿಂದ ತೂಕ ಕೆಳಗಿಳಿಸಿ ಮತ್ತೆ ಓಡಿಸಿ. ನಿಜವಾದ ಟ್ರಿಪ್ ದಿನ ಮೊದಲ 30 ಕಿಲೋಮೀಟರಿಗೆ ಒಂದ್ಸಲ ನಿಲ್ಸಿ ಪಟ್ಟಿ ಎಲ್ಲ ಮತ್ತೆ ಬಿಗೀರಿ, ಸಾಮಾನು ಅಷ್ಟೊತ್ತಿಗೆ ಕುಲುಕಿ ತಳ ಸೇರಿ ಸಡಿಲ ಆಗಿರತ್ತೆ. ಆಮೇಲೆ ಪ್ರತಿ ಪೆಟ್ರೋಲ್ ಸ್ಟಾಪಲ್ಲೂ ಬ್ಯಾಗ್ ಮೇಲೆ ಕೈಯಿಟ್ಟು ಒಂದ್ಸಲ ಅಲ್ಲಾಡಿಸಿ ನೋಡಿ.

ವಾಪಸ್ ಬಂದ ದಿನ ಸುಸ್ತಾಗಿರ್ತೀರ, ಆದ್ರೂ ಬ್ಯಾಗನ್ನ ಹಾಗೇ ಮೂಲೆಗೆ ಎಸೀಬೇಡಿ. ಒದ್ದೆ ಡ್ರೈ ಬ್ಯಾಗು, ರೇನ್ ಸೂಟು ಎಲ್ಲ ತಿರುವಿ ನೆರಳಲ್ಲಿ ಒಣಗಿಸಿ, ಇಲ್ಲಾಂದ್ರೆ ಒಳಗಿನ ಕೋಟಿಂಗು ಬೂಷ್ಟು ಹಿಡಿದು ಸಿಪ್ಪೆ ಏಳತ್ತೆ. ಸಾಮಾನು ಹೊರಗೆ ಹಾಕುವಾಗ ಮುಟ್ಟಿದ್ದು ಒಂದು ಕಡೆ, ಮುಟ್ಟದೇ ಇದ್ದದ್ದು ಒಂದು ಕಡೆ ಗುಡ್ಡೆ ಹಾಕಿ. ಮುಟ್ಟದೇ ಇದ್ದ ಗುಡ್ಡೆಯಿಂದ ಟೂಲು, ಪಂಕ್ಚರ್ ಕಿಟ್ಟು, ಫಸ್ಟ್ ಏಡು, ಮಳೆ ಬಟ್ಟೆ ಎತ್ತಿಟ್ಕೊಂಡು ಉಳಿದಿದ್ದರ ಪಟ್ಟಿ ಬರೆದು ಬ್ಯಾಗೊಳಗೇ ಇಡಿ, ಮುಂದಿನ ಸಲ ಪ್ಯಾಕ್ ಮಾಡೋಕೆ ಜಿಪ್ ತೆಗೆದಾಗ ಮೊದಲು ಕೈಗೆ ಸಿಗೋದು ಅದೇ ಚೀಟಿ ಆಗಿರಲಿ.